ಎಡಗೈಗೆ ಕೊಟ್ಟ ಚಮಚ

ನನ್ನ ತಂಗಿಯ ಮೊಮ್ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಹೋದ ತಿಂಗಳು ಮನೆಗೆ ಬಂದವಳು ಲಕ್ವಾ ಹೊಡೆದವರನ್ನು ಪರೀಕ್ಷಿಸುವ ಅಚ್ಚಾದ ಹಾಳೆಯೊಂದನ್ನು ನನ್ನ ಮುಂದೆ ಹರಡಿದಳು. ನಿಮ್ಮ ಕಾಲಕ್ಕೆ ಇದೆಲ್ಲ ಇರಲಿಲ್ಲವಲ್ಲ ಅಜ್ಜಿ, ಎಷ್ಟು ಜೋರಾಗಿ ಹೊಡೆದಿದೆ ಎಂದು ಹೇಗೆ ತಿಳಿಯುತ್ತಿದ್ದಿರಿ ಎಂದು ಕೇಳಿದಳು. ಒಂದು ಚಮಚದಿಂದ, ಎಂದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಆ ಚಮಚದ ವಿಷಯವನ್ನು ಇಂಥ ಹುಡುಗಿಯರಿಗಾಗಿ ಬರೆದಿಡಬೇಕು ಎಂದು ಅವತ್ತು ಅನಿಸಿತು. ಅವಳು ಕಲಿತದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಆದರೆ ಮನಸ್ಸಿನೊಳಗಿನದನ್ನು ಬರೆಯಲು ನನಗೆ ಕನ್ನಡವೇ ಬೇಕು. ಯಾರಾದರೂ ಓದಿ ಹೇಳಲಿ.

ನಾನು ಯಾವ ವರ್ಷ ಸೇರಿದೆ, ಯಾವಾಗ ಬಡ್ತಿ ಸಿಕ್ಕಿತು ಎಂಬುದೆಲ್ಲ ಪಿಂಚಣಿ ಕಾಗದದಲ್ಲಿದೆ. ಇಲ್ಲಿ ಅದು ಬೇಡ. ಎಪ್ಪತ್ತರ ದಶಕದ ಮೊದಲಲ್ಲಿ ನಾನು ಸೊಲ್ಲಾಪುರದ ಒಂದು ದೊಡ್ಡ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿದ್ದೆ. ನಮ್ಮೂರು ಅಕ್ಕಲಕೋಟ ತಾಲ್ಲೂಕು, ಹೊಲಮನೆಯ ಕುಟುಂಬ. ಮಗಳು ಪರರ ಮೈ ತೊಳೆಯುವ ನೌಕರಿಗೆ ಹೋದಳೆಂದು ಅಪ್ಪ ಒಂದು ವರ್ಷ ಮಾತು ಬಿಟ್ಟಿದ್ದ. ವಾರ್ಡಿನಲ್ಲಿ ಲಕ್ವಾದವರ ನಾಲ್ಕೈದು ಮಂಚಗಳು ಎಂದೂ ಖಾಲಿ ಇರುತ್ತಿರಲಿಲ್ಲ. ತಲೆಯೊಳಗೆ ಏನಾಗಿದೆ ಎಂದು ನೋಡುವ ಯಂತ್ರ ನಮ್ಮಲ್ಲಿರಲಿಲ್ಲ. ಒಂದು ಟಾರ್ಚು, ಚುಚ್ಚಿ ನೋಡಲು ಒಂದು ಟಾಚಣಿ, ಮೊಣಕಾಲಿಗೆ ಬಡಿಯುವ ಸಣ್ಣ ಸುತ್ತಿಗೆ. ಉಳಿದದ್ದೆಲ್ಲ ನಮ್ಮ ಕಣ್ಣು.

ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಸುಲೋಚನಾಬಾಯಿ ಮರಾಠಿಯವರು, ನಮಗೆಲ್ಲ ಬರೀ ಬಾಯಿಯವರು. ಸೊಂಟಕ್ಕೆ ಕೈಯಿಟ್ಟು ನಿಂತರೆ ದೊಡ್ಡ ಡಾಕ್ಟರರೂ ದನಿ ತಗ್ಗಿಸುತ್ತಿದ್ದರು. ಅವರು ನಮಗೆ ಮೊದಲು ಕಲಿಸಿದ ಪಾಠವನ್ನು ನಾನು ಈಗಲೂ ಒಪ್ಪುತ್ತೇನೆ. ಡಾಕ್ಟರರು ಬರೆಯುವುದು ರೋಗದ ಹೆಸರು, ಬಲಗಡೆ ಲಕ್ವಾ ಎಂದು ಬರೆದು ಮುಂದಿನ ಮಂಚಕ್ಕೆ ಹೋಗುತ್ತಾರೆ. ನಾವು ಬರೆಯಬೇಕಾದದ್ದು ಈ ಮನುಷ್ಯನಿಗೆ ಏನೇನು ಆಗುವುದಿಲ್ಲ ಎಂಬುದನ್ನು. ಮಗ್ಗುಲು ಹೊರಳಲು ಆಗುವುದೋ ಇಲ್ಲವೋ, ನುಂಗಲು ಆಗುವುದೋ ಇಲ್ಲವೋ, ಹೇಳಿದ್ದು ತಿಳಿಯುವುದೋ ಇಲ್ಲವೋ, ಉಚ್ಚೆ ಬಂದರೆ ತಿಳಿಸಲು ಆಗುವುದೋ ಇಲ್ಲವೋ. ಅದರ ಮೇಲೆ ಅವನ ದಿನವೆಲ್ಲ ನಿಂತಿರುತ್ತದೆ. ಬಾಯಿಂದ ಊಟವೋ ಮೂಗಿನ ನಳಿಗೆಯಿಂದಲೋ, ಉರುಳಿ ಬೀಳದಂತೆ ಮಂಚಕ್ಕೆ ಕಟಾಂಜನ ಬೇಕೋ ಬೇಡವೋ, ಎಲ್ಲವೂ ನಮ್ಮ ಆ ನಾಲ್ಕು ಸಾಲಿನಿಂದ ತೀರ್ಮಾನವಾಗುತ್ತಿತ್ತು.

ಈ ನಾಲ್ಕು ಸಾಲು ಬರೆಯಲು ಬಾಯಿಯವರದೇ ಒಂದು ಪರೀಕ್ಷೆ ಇತ್ತು. ರೋಗಿಯ ಹೆಸರು ಕೇಳುವುದು, ಕೈ ಎತ್ತು ಎನ್ನುವುದು, ಆಮೇಲೆ ಅವನ ಚಲೋ ಇರುವ ಕೈಗೆ ನೀರು ತುಂಬಿದ ಚಮಚ ಕೊಟ್ಟು ಕುಡಿ ಎನ್ನುವುದು. ನಾವಾಗಿ ಅವನ ಬಾಯಿಗೆ ನೀರು ಹಾಕಬಾರದು, ಶ್ವಾಸಕ್ಕೆ ಹೋದೀತು ಎಂಬುದು ಅವರ ಕಟ್ಟುನಿಟ್ಟು. ತಾನೇ ಚಮಚ ಎತ್ತಿ ಕುಡಿದರೆ ತಿಳಿವಳಿಕೆ ಇದೆ, ಕೈ ಇದೆ, ಗಂಟಲು ಇದೆ. ಒಂದೇ ಏಟಿಗೆ ಮೂರು ಗೊತ್ತಾಗುತ್ತದೆ ಎಂದು ಅವರಿಗೆ ಹೆಮ್ಮೆ. ನಮಗೂ ಇತ್ತು.

ಆ ಪರೀಕ್ಷೆ ಎಡವಿದ್ದನ್ನು ಮೊದಲು ತೋರಿಸಿದವನು ಕುರನೂರ ಕಡೆಯ ಒಬ್ಬ ರೈತ. ಅವನಿಗೆ ಎಡಗಡೆ ಹೋಗಿತ್ತು. ಮಾತು ನೆಟ್ಟಗಿತ್ತು, ಬಲಗೈಯಿಂದ ಚಮಚ ಹಿಡಿದು ಗಟಗಟ ಕುಡಿದ. ಲಕ್ವಾ ಸೌಮ್ಯ ಎಂದು ಬರೆದೆವು, ಕಟಾಂಜನ ಹಾಕಲಿಲ್ಲ. ಮೂರು ದಿನದಲ್ಲಿ ಎರಡು ಸಲ ಮಂಚದ ಎಡಬದಿಗೆ ಉರುಳಿ ಬಿದ್ದ. ಅವನಿಗೆ ತನ್ನ ಎಡಗಡೆ ಇದೆ ಎಂಬುದೇ ಗೊತ್ತಿರಲಿಲ್ಲ. ಅವನ ಎಡಗೈ ಎತ್ತಿ ತೋರಿಸಿ ಇದು ಯಾರದು ಎಂದು ಕೇಳಿದೆ.

“ನಂದಲ್ರಿ ಅದು. ನಮ್ಮ ತಮ್ಮಂದು. ಬಂದಿದ್ದ, ಇಲ್ಲೇ ಬಿಟ್ಟ ಹೋಗ್ಯಾನ,” ಎಂದ.

ತಾಟಿನ ಬಲಗಡೆಯ ಅನ್ನ ತಿಂದು, ಎಡಗಡೆ ಇದ್ದ ಜೋಳದ ಭಕ್ರಿಯನ್ನು ಮುಟ್ಟದೆ, ಭಕ್ರಿ ಕೊಡುವುದೇ ಇಲ್ಲ ಎಂದು ನೆಂಟರಿಗೆ ಚಾಡಿ ಹೇಳುತ್ತಿದ್ದ. ಸಿಸ್ಟರ್‌ಗಳೇ ತಿನ್ನುತ್ತಾರೆ ಎಂದು ಅವನ ಹೆಂಡತಿ ವಾರ್ಡಿನಲ್ಲಿ ಗದ್ದಲ ಹಾಕಿದಳು. ಒಂದು ದಿನ ನಾನು ತಾಟನ್ನು ತಿರುಗಿಸಿ ಇಟ್ಟೆ. ಭಕ್ರಿ ಕಂಡಿತು, ತಿಂದ. ಅವತ್ತು ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮಾತಾಡುವವನಿಗೆಲ್ಲ ಸೌಮ್ಯ ಎನ್ನಬಾರದು ಎಂದು ಬಾಯಿಯವರು ಗೋಡೆಯ ಮೇಲೆ ಬರೆಸಿದರು. ಮಾತಾಡದವನ ವಿಷಯದಲ್ಲಿ ಏನು ತಪ್ಪಬಹುದು ಎಂದು ಯಾರೂ ಯೋಚಿಸಲಿಲ್ಲ. ಅದನ್ನು ಮಾಡಿ ತೋರಿಸುವ ಪಾಳಿ ನನ್ನದಾಯಿತು.

ಮಲ್ಲಪ್ಪ ಸಾವಕಾರರಿಗೆ ಪೇಟೆಯಲ್ಲಿ ಚಾದರಗಳ ಅಂಗಡಿ ಇತ್ತು. ಅರವತ್ತರ ಹತ್ತಿರದ ವಯಸ್ಸು. ಬೆಳಿಗ್ಗೆ ಗಿರಾಕಿಗೆ ಚಾದರ ಬಿಡಿಸಿ ತೋರಿಸುತ್ತಿದ್ದಾಗ ಅದರ ಮೇಲೆಯೇ ಬಿದ್ದರಂತೆ. ಅವರ ಅಣ್ಣ ಮತ್ತು ಅಂಗಡಿಯ ಆಳುಗಳು ಹೊತ್ತು ತಂದರು. ಬಲಗಡೆ ಪೂರ್ತಿ ಹೋಗಿತ್ತು, ಮುಖದ ಬಲಭಾಗ ಜೋತುಬಿದ್ದಿತ್ತು. ಪರೀಕ್ಷೆ ಮಾಡಿದವಳು ನಾನು. ಹೆಸರು ಕೇಳಿದೆ, ಬಾಯಿಂದ ಬರೀ ಸದ್ದು ಬಂತು. ಕೈ ಎತ್ತರಿ ಸಾವಕಾರ್ರ ಎಂದೆ. ಅವರು ತಮ್ಮ ಬಲಗೈಯನ್ನೇ ನೋಡುತ್ತ ಹಣೆ ಬೆವರುವಷ್ಟು ಹೆಣಗಿದರು. ಎಡಗೈ ಎತ್ತಲಿಲ್ಲ. ಚಮಚ ತುಂಬಿ ಎಡಗೈಗೆ ಕೊಟ್ಟೆ. ಒಂದು ಗಳಿಗೆ ಹಿಡಿದುಕೊಂಡು ಹಾಸಿಗೆಯ ಮೇಲೆ ಇಟ್ಟುಬಿಟ್ಟರು, ನೀರು ಚೆಲ್ಲಿತು. ಮತ್ತೆ ಕೊಟ್ಟೆ. ಮುಖ ತಿರುಗಿಸಿ ತುಟಿ ಬಿಗಿದರು. ಮೂರನೆಯ ಸಲ ಚಮಚವನ್ನು ಬೀಸಿ ಒಗೆದರು. ನಾನು ಬರೆದೆ: ಮಾತಿಲ್ಲ, ಹೇಳಿದ್ದು ತಿಳಿಯುವುದಿಲ್ಲ, ನುಂಗುವುದಿಲ್ಲ, ತೀವ್ರ.

ಆ ನಾಲ್ಕು ಮಾತು ಅವರ ಮುಂದಿನ ದಿನಗಳನ್ನು ಆಳಿದವು. ಮೂಗಿಗೆ ನಳಿಗೆ ಹಾಕಿದೆವು. ಅವರು ಎಡಗೈಯಿಂದ ಕಿತ್ತರು. ಮತ್ತೆ ಹಾಕಿದೆವು, ಹಾಲು ಬಿಡುತ್ತಿದ್ದಾಗಲೇ ಕಿತ್ತರು, ಕೆಮ್ಮಿ ಕೆಮ್ಮಿ ಮುಖ ನೀಲಿಯಾಯಿತು. ತಿಳಿವಳಿಕೆ ಇಲ್ಲದವರು ನಳಿಗೆ ಕೀಳುತ್ತಾರೆ, ಅಂಥವರ ಕೈ ಕಟ್ಟಬೇಕು ಎಂಬುದು ನಮ್ಮ ಪದ್ಧತಿ. ಅವರ ಎಡಗೈಯನ್ನು ಮಂಚದ ಸರಳಿಗೆ ನಾನೇ ಕಟ್ಟಿದೆ. ಹತ್ತಿ ಸುತ್ತಿ, ಮೇಲೆ ಪಟ್ಟಿ ಬಿಗಿದು, ಚರ್ಮಕ್ಕೆ ಗಾಯವಾಗದಂತೆ ಎಷ್ಟು ಚೆಂದ ಕಟ್ಟಿದ್ದೇನೆ ಎಂದು ಒಮ್ಮೆ ನೋಡಿಕೊಂಡೆ. ಮೈಯಲ್ಲಿ ಉಳಿದಿದ್ದ ಒಂದೇ ಕೈ ಅದು. ಅವರು ನನ್ನನ್ನು ನೋಡಿದ ರೀತಿಯನ್ನು ಸಿಟ್ಟು ಎಂದು ತಿಳಿದೆ, ಮಿದುಳಿಗೆ ಪೆಟ್ಟಾದವರಿಗೆ ಸಿಟ್ಟು ಬರುತ್ತದೆ ಎಂದು ಓದಿದ್ದೆ.

ಭೇಟಿಯ ಹೊತ್ತಿನಲ್ಲಿ ಅಣ್ಣ ಬರುತ್ತಿದ್ದರು. ತಮ್ಮನಿಗೆ ಏನೂ ತಿಳಿಯುವುದಿಲ್ಲ ಎಂದು ನಾವೇ ಹೇಳಿದ್ದರಿಂದ ಮಂಚದ ಪಕ್ಕದಲ್ಲಿ ನಿಂತೇ, ಇವಂದು ಮುಗದಂಗ, ಇನ್ನ ಕಟ್ಟಿಗಿ ಬಿದ್ದಂಗ ಬಿದ್ದಿರತಾನ ಎಂದು ಬಂದವರಿಗೆಲ್ಲ ವರದಿ ಒಪ್ಪಿಸುತ್ತಿದ್ದರು. ಸಾವಕಾರರ ಹೆಂಡತಿ ಗಂಗಾಬಾಯಿ ಸೆರಗು ಹೊದ್ದುಕೊಂಡು ದೂರದ ಬಾಗಿಲ ಬಳಿ ನಿಂತಿರುತ್ತಿದ್ದರು. ಭಾವನ ಎದುರಿಗೆ ಗಂಡನ ಮಂಚದ ಹತ್ತಿರ ಹೋಗುವುದು ಅವರ ಮನೆಯಲ್ಲಿ ರೂಢಿ ಇರಲಿಲ್ಲ. ಹೀಗೆ ಮೂರು ದಿನ ಹೋಯಿತು.

ನಾಲ್ಕನೆಯ ದಿನ ಮಧ್ಯಾಹ್ನ ಗಂಗಾಬಾಯಿ ಒಬ್ಬರೇ ಬಂದರು. ಭೇಟಿಯ ಹೊತ್ತಾಗಿರಲಿಲ್ಲ, ನನ್ನ ಊರ ಕಡೆಯ ಮಾತು ಕೇಳಿ ಒಳಗೆ ಬಿಟ್ಟೆ. ಅಕ್ಕಲಕೋಟ ಅವರ ತವರು, ಚಿಕ್ಕಮ್ಮನನ್ನು ಕರೆಯುವಂತೆ ಕಾಕು ಎಂದು ಕರೆದೆ. ಹತ್ತಿರ ಬಂದವರು ಕಟ್ಟಿದ ಕೈ ನೋಡಿ ನಿಂತುಬಿಟ್ಟರು. ಯಾಕೆ ಕಟ್ಟಿದೆ ಎಂದು ನಾನು ವಿವರಿಸಿದೆ. ನುಂಗುವುದಿಲ್ಲ, ಚಮಚ ಕೊಟ್ಟರೆ ಒಗೆಯುತ್ತಾರೆ ಎಂದೆ. ಯಾವ ಕೈಗೆ ಕೊಟ್ಟೆ ಎಂದು ಕೇಳಿದರು. ಎಡಗೈಗೆ, ಎಂದೆ.

“ಎಡಗೈಲೆ ಹೆಂಗ ಕುಡೀತಾರ ತಂಗಿ? ನಲವತ್ತ ವರ್ಷ ನೋಡೀನಿ, ಎಡಗೈಲೆ ಒಂದ್ ಅಡಕಿ ಹೋಳಾದ್ರೂ ಬಾಯಿಗಿ ಹಾಕ್ಕೊಂಡವರಲ್ಲ. ನೀನು ಇಲ್ಲ್ಯಾಕಿನ ಅದಿ, ನಿನಗ ತಿಳೀಲಿಲ್ಲೇನು?”

ಜೋರಾಗಿ ಹೇಳಲಿಲ್ಲ, ಬೈಯಲೂ ಇಲ್ಲ. ಆಮೇಲೆ ಅವರು ಮಾಡಿದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಗಂಡನ ತಲೆಯನ್ನು ತಮ್ಮ ತೋಳಿಗೆ ಆನಿಸಿ ಎತ್ತಿದರು. ಸತ್ತಂತೆ ಬಿದ್ದಿದ್ದ ಬಲಗೈಯನ್ನು ತೆಗೆದುಕೊಂಡು, ಅದರ ಬೆರಳುಗಳನ್ನು ಒಂದೊಂದಾಗಿ ಸಣ್ಣ ಹಿತ್ತಾಳೆ ಲೋಟದ ಸುತ್ತ ಮಡಚಿ, ಮೇಲೆ ತಮ್ಮ ಕೈ ಮುಚ್ಚಿ, ಆ ಬಲಗೈಯಿಂದಲೇ ಲೋಟವನ್ನು ಅವರ ತುಟಿಗೆ ಒಯ್ದರು. ನಾನು ತಡೆಯಲು ಮುಂದೆ ಬಂದೆ. ಅಷ್ಟರಲ್ಲಿ ಸಾವಕಾರರು ಒಂದು ಗುಟುಕು ಕುಡಿದರು. ಕೆಮ್ಮಲಿಲ್ಲ. ಇನ್ನೊಂದು ಗುಟುಕು, ಮತ್ತೊಂದು. ಲೋಟ ಖಾಲಿಯಾಯಿತು. ಕಣ್ಣು ಮುಚ್ಚರಿ ಎಂದರು ಗಂಗಾಬಾಯಿ, ಸಾವಕಾರರು ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಿಂದ ನೀರು ಇಳಿಯಿತು.

ನಾನು ಪಟ್ಟಿ ಬಿಚ್ಚಿದೆ. ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಎಡಗೈಯಲ್ಲಿ ಉಂಡದ್ದಕ್ಕೆ ಚಿಕ್ಕಂದಿನಲ್ಲಿ ನಮ್ಮ ಅಜ್ಜಿ ನನಗೆ ಸೌಟಿನಿಂದ ಹೊಡೆದಿದ್ದಳು, ಗಿಣ್ಣು ಬಾತಿತ್ತು. ಬೇರೆ ದೇಶದಿಂದ ಬಂದ ಸಿಸ್ಟರ್ ಈ ತಪ್ಪು ಮಾಡಿದ್ದರೆ ಕ್ಷಮೆ ಇತ್ತು. ಬಿಳಿ ಬಟ್ಟೆ ತೊಟ್ಟ ಮೇಲೆ ನನಗೆ ಕೈ ಎಂದರೆ ಬರೀ ಕೈ ಆಗಿತ್ತು. ಸಾವಕಾರರು ಮಾಡಲಾರದವರಲ್ಲ, ಮಾಡಲೊಲ್ಲದವರು. ಕೈ ಎತ್ತು ಎಂದಾಗ ಬಲಗೈ ಎತ್ತಲು ಹೆಣಗಿದ್ದು ತಿಳಿವಳಿಕೆ ಇದ್ದದ್ದಕ್ಕೆ ಎಂದು ಆಗ ಹೊಳೆಯಿತು. ಅಂದರೆ ಮೂರು ದಿನ ಅಣ್ಣ ಹೇಳಿದ ಪ್ರತಿ ಮಾತೂ ಅವರ ಕಿವಿಗೆ ಬಿದ್ದು ತಿಳಿದಿತ್ತು.

ಬಾಯಿಯವರಿಗೆ ಹೋಗಿ ಎಲ್ಲ ಹೇಳಿದೆ. ಅವರು ನಾನು ಬರೆದಿದ್ದನ್ನು ತರಿಸಿ ಓದಿದರು. ಆಮೇಲೆ, ಕೇಸ್ ಪೇಪರಿನಲ್ಲಿ ಹಳೆಯದನ್ನು ಹೊಡೆದು ಹಾಕಬೇಡ, ಇವತ್ತಿನ ತಾರೀಖಿಗೆ ಸುಧಾರಣೆ ಎಂದು ಬರೆ ಎಂದರು. ಹಾಗೆಯೇ ಬರೆದೆ. ಮರುದಿನ ದೊಡ್ಡ ಡಾಕ್ಟರರು ಅದನ್ನು ಓದಿ, ನಾಲ್ಕೇ ದಿನದಲ್ಲಿ ಇಷ್ಟು ಸುಧಾರಣೆ ಎಂದರೆ ಶುಶ್ರೂಷೆ ಚಲೋ ಇದೆ ಎಂದು ಎಲ್ಲರೆದುರು ನನ್ನನ್ನು ಹೊಗಳಿದರು. ನಾನು ತಲೆ ತಗ್ಗಿಸಿ ನಿಂತೆ, ಸಂಕೋಚ ಎಂದು ತಿಳಿದಿರಬೇಕು.

ಎರಡು ದಿನ ಸಾವಕಾರರು ಹೆಂಡತಿಯ ಕೈಯಿಂದ ಗಂಜಿ ಕುಡಿದರು. ಆದರೆ ನಳಿಗೆ ಕಿತ್ತಾಗ ಹಾಲು ಎದೆಗೆ ಇಳಿದಿತ್ತು. ಜ್ವರ ಏರಿತು, ಉಸಿರು ಗೊರಗೊರ ಎನ್ನತೊಡಗಿತು. ಪೆನಿಸಿಲಿನ್ ಕೊಟ್ಟರು, ಜಗ್ಗಲಿಲ್ಲ. ಬಾಯಿಂದ ಏನೂ ಕೊಡಬೇಡಿ ಎಂದು ಡಾಕ್ಟರರು ಬರೆದರು, ಸಲೈನ್ ಹಚ್ಚಿದರು. ಲಕ್ವಾದ ಕೈಗೆ ಸೂಜಿ ಚುಚ್ಚಬಾರದು ಎಂಬ ಪದ್ಧತಿ ಇತ್ತು. ಹಾಗಾಗಿ ಸೂಜಿ ಎಡಗೈಗೇ ಬಂತು. ಸೂಜಿ ಅಲುಗಬಾರದೆಂದು ಆ ಕೈಯನ್ನು ಹಲಗೆಗೆ ಹಚ್ಚಿ, ಹಲಗೆಯನ್ನು ಮಂಚಕ್ಕೆ ಕಟ್ಟಿದವಳು ಮತ್ತೆ ನಾನೇ.

ಒಂಬತ್ತನೆಯ ದಿನ ಸಂಜೆ ಗಂಗಾಬಾಯಿ ಬಂದು, ಪರದೆ ಎಳೆ ತಂಗಿ, ಅವರ ಕೂಡ ಮಾತಾಡೋದದ ಎಂದರು. ಎಳೆದೆ. ಅವರು ಮಂಚದ ಬಲಬದಿಗೆ ಸ್ಟೂಲು ಹಾಕಿಕೊಂಡು ಕೂತರು. ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಬಲಗಿವಿಯ ಹತ್ತಿರ ಬಾಯಿ ಒಯ್ದು ಏನೋ ಹೇಳತೊಡಗಿದರು. ನಾನು ಕಾಲ ಬುಡದಲ್ಲಿ ನಿಂತು ಸಲೈನಿನ ಹನಿ ಎಣಿಸುತ್ತಿದ್ದೆ. ಗಂಗಾಬಾಯಿಗೆ ಕಾಣುತ್ತಿದ್ದದ್ದು ಜೋತುಬಿದ್ದ ಅರ್ಧ ಮುಖ, ಅಲುಗದ ಕೈ. ನನಗೆ ಇನ್ನೊಂದು ಅರ್ಧ ಕಾಣುತ್ತಿತ್ತು. ಅದರ ಕಣ್ಣು ತೆರೆದಿತ್ತು. ಹಲಗೆಗೆ ಕಟ್ಟಿದ್ದ ಎಡಗೈಯ ಬೆರಳುಗಳು ಮಡಚಿದವು, ಬಿಚ್ಚಿದವು, ಮತ್ತೆ ಮಡಚಿದವು. ಸಾವಕಾರರು ಆ ಕೈ ಎತ್ತಲು ನೋಡಿದರು, ಪಟ್ಟಿ ಬಿಡಲಿಲ್ಲ. ಈ ಕಡೆ ಬರ್ರಿ ಕಾಕು ಎಂದು ನಾನು ಹೇಳಬೇಕಿತ್ತು. ನಾಲ್ಕೇ ಮಾತು. ಗಂಡಹೆಂಡಿರ ನಡುವೆ ಬಾಯಿ ಹಾಕುವುದು ಚೆಂದವಲ್ಲ ಎಂದು ಸುಮ್ಮನಾದೆ. ನಿಜ ಹೇಳಬೇಕೆಂದರೆ ಪಟ್ಟಿಯ ಕಡೆ ಗಂಗಾಬಾಯಿ ನೋಡುವುದು ನನಗೆ ಬೇಡವಾಗಿತ್ತು. ಮರುದಿನ ಬೆಳಿಗ್ಗೆ ಸಾವಕಾರರು ತೀರಿಕೊಂಡರು.

ಮುಂದೆ ಪದ್ಧತಿಗಳು ಬದಲಾದವು. ದಶಕ ಮುಗಿಯುವ ಹೊತ್ತಿಗೆ ಮುಂಬೈಯಿಂದ ಬಂದ ಡಾಕ್ಟರರೊಬ್ಬರು ಹೊಸ ಹಾಳೆ ತಂದರು. ಕಣ್ಣಿಗೆ ಇಷ್ಟು, ಮಾತಿಗೆ ಇಷ್ಟು, ಕೈಕಾಲಿಗೆ ಇಷ್ಟು, ಎಲ್ಲ ಕೂಡಿಸಿ ಹದಿನೈದು ಅಂಕ. ಬಾಯಿಯವರು ನಿವೃತ್ತರಾಗಿದ್ದರು, ಚಮಚದ ಪರೀಕ್ಷೆ ಅವರ ಜೊತೆಗೇ ಹೋಯಿತು. ಅಷ್ಟೊತ್ತಿಗೆ ನನ್ನನ್ನು ಅಕ್ಕಲಕೋಟದ ದವಾಖಾನೆಗೆ ಹಾಕಿದ್ದರು. ಅಲ್ಲಿ ಕಲಿಯಲು ಬಂದ ಹುಡುಗಿಯರಿಗೆ ನಾನು ಹೇಳುತ್ತಿದ್ದ ಮಾತನ್ನೇ ಇಲ್ಲೂ ಬರೆಯುತ್ತೇನೆ. ಇಲ್ಲ ಎಂದು ಬರೆಯುವ ಮುಂಚೆ ಆಗುವುದಿಲ್ಲವೋ ಒಲ್ಲರೋ ಎಂದು ಮನೆಯ ಹೆಂಗಸರನ್ನು ಕೇಳಿರಿ. ಮಾತು ಹೋದವರ ಮುಂದೆ ಅವರ ವಿಷಯ ಆಡಬೇಡಿರಿ. ಮನೆಯವರು ಬಂದರೆ ರೋಗಿಯ ಜೀವ ಇರುವ ಬದಿಗೆ ಸ್ಟೂಲು ಹಾಕಿರಿ. ಇದನ್ನು ಎಲ್ಲಿ ಕಲಿತಿರಿ ಎಂದು ಹುಡುಗಿಯರು ಕೇಳಿದರೆ, ಅನುಭವ ಎನ್ನುತ್ತಿದ್ದೆ.

ಆ ದವಾಖಾನೆಗೇ ಒಂದು ದಿನ ಗಂಗಾಬಾಯಿ ಮಗಳ ಜೊತೆ ರಕ್ತದೊತ್ತಡ ತೋರಿಸಲು ಬಂದರು. ಗಂಡ ಹೋದ ಮೇಲೆ ತವರಲ್ಲೇ ಉಳಿದಿದ್ದರು. ನನ್ನ ಗುರುತು ಹಿಡಿದು, ನೀ ಅವರನ್ನ ಭಾಳ ಚಲೋ ನೋಡಿದೆವ್ವ ಎಂದು ನನ್ನ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡರು. ಮಗಳು ಚೀಟಿ ಮಾಡಿಸಲು ಹೋಗಿದ್ದಳು. ನಾನು ಅವರ ತೋಳಿಗೆ ಪಟ್ಟಿ ಸುತ್ತುತ್ತಿದ್ದೆ. ಅವರು ಆ ಪಟ್ಟಿಯನ್ನೇ ನೋಡುತ್ತ ಕೇಳಿದರು.

“ತಂಗಿ, ಒಂದ ಕೇಳ್ತೀನಿ, ಖರೇ ಹೇಳು. ಕಡೀಕ ಅವತ್ತ ನಾ ಅವರ ಕಿವ್ಯಾಗ ಹೇಳಿದ್ದು ಅವರಿಗಿ ತಿಳೀತೇನು? ನಿಮಗ ಗೊತ್ತಾಗತದಲ್ಲ ಅದು.”

ತಿಳಿಯಿತು ಎಂದರೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಆಗ ಕಟ್ಟಿದ ಕೈಯ ವಿಷಯ ಬರುತ್ತದೆ, ನಾನು ನೋಡುತ್ತ ನಿಂತದ್ದು ಬರುತ್ತದೆ. ಅಷ್ಟು ತಿಳಿವಳಿಕೆ ಇಟ್ಟುಕೊಂಡು ಅಷ್ಟು ಸಂಕಟ ಪಟ್ಟರೆಂದು ಮುದುಕಿಗೆ ಯಾಕೆ ಹೇಳಬೇಕು, ಏನೂ ಗೊತ್ತಾಗದೆ ಹೋದರು ಎಂದರೆ ಅವರಿಗೂ ಸಮಾಧಾನ ಎಂದು ನನಗೆ ನಾನೇ ಹೇಳಿಕೊಂಡೆ.

“ಇಲ್ಲ ಕಾಕು. ಜ್ವರ ತಲಿಗೇರಿತ್ತು. ಅವರಿಗಿ ಏನೂ ತಿಳೀಲಿಲ್ಲ, ತ್ರಾಸೂ ಆಗಲಿಲ್ಲ,” ಎಂದೆ.

ಅವರು ತಲೆ ಆಡಿಸಿದರು.

“ನನಗೂ ಹಂಗ ಅನಿಸಿತ್ತು. ನನ್ನ ಕಡಿಂದ ಒಂದ ತಪ್ಪಾಗಿತ್ತು ತಂಗಿ, ಭಾಳ ಹಿಂದ. ಅದನ್ನ ಹೇಳಿ, ಕ್ಷಮಾ ಮಾಡಿದ್ರ ಒಮ್ಮಿ ಕೈ ಒತ್ತರಿ ಅಂದಿದ್ದೆ. ಒತ್ತಲಿಲ್ಲ. ತಿಳದಿದ್ರ ಒತ್ತತಿದ್ರೋ ಏನೋ.”

ಹಲಗೆಗೆ ಕಟ್ಟಿದ್ದ ಸಾವಕಾರರ ಎಡಗೈ ಒಮ್ಮೆಯಲ್ಲ, ಮತ್ತೆ ಮತ್ತೆ ಒತ್ತಿತ್ತು. ಅದನ್ನು ನೋಡಿದವಳು ಈ ಭೂಮಿಯ ಮೇಲೆ ನಾನೊಬ್ಬಳೇ. ಹೇಳಬೇಕು ಎಂದು ಬಾಯಿ ತೆರೆದೆ. ಮಗಳು ಚೀಟಿ ಹಿಡಿದು ಬಂದಳು. ನಾನು ಅದರಲ್ಲಿ ರಕ್ತದೊತ್ತಡ ಬರೆದು, ಉಪ್ಪು ಕಮ್ಮಿ ಮಾಡರಿ ಎಂದೆ. ಗಂಗಾಬಾಯಿ ಮಗಳ ಕೈ ಹಿಡಿದು ಎದ್ದು ಮೆಲ್ಲಗೆ ಬಾಗಿಲು ದಾಟಿದರು. ನಾನು ಮುಂದಿನವರ ಹೆಸರು ಕೂಗಿದೆ.